ಮರಳಿನ ದಿಂಬು

ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಸಾರ ಮಾಡಿಕೊಂಡಿದ್ದಾನೆ ಎಂಬುದು ಆ ಬೀದಿಯವರಿಗೆ ಸದಾ ನಗುವ ವಿಷಯ. ಮೆಕ್ಯಾನಿಕ್ ಆ ತಮಾಷೆಯನ್ನು ಎಷ್ಟು ಸಲ ಕೇಳಿದ್ದನೆಂದರೆ, ಎದುರಿನವರು ಬಾಯಿ ತೆರೆಯುವ ಮೊದಲೇ ತಾನೇ ನಕ್ಕು ಮುಗಿಸಿಬಿಡುತ್ತಿದ್ದ. ಅವನ ತಾಯಿಗೆ ಮಾತ್ರ ಆ ಮೆಟ್ಟಿಲು ಯಾವತ್ತೂ ಭಾರ ಅನ್ನಿಸಿರಲಿಲ್ಲ. ಬೆಳಿಗ್ಗೆ ಇಳಿಯುವುದು, ಮಧ್ಯಾಹ್ನ ಊಟಕ್ಕೆ ಹತ್ತುವುದು, ಮತ್ತೆ ಇಳಿಯುವುದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಹತ್ತುವುದು. ಅವಳ ಆಯುಷ್ಯವೆಲ್ಲ ಹೀಗೆ ಹತ್ತಿ ಇಳಿದೇ ಕಳೆದಿತ್ತು.

ಅವಳನ್ನು ಬೀದಿಯಲ್ಲಿ ಎಲ್ಲರೂ ಗಾದಿಯಮ್ಮ ಅನ್ನುತ್ತಿದ್ದರು. ಅದೇ ಕಟ್ಟಡದ ಕೆಳಗೆ, ರಸ್ತೆಗೆ ಮುಖ ಮಾಡಿದ ಒಂದೇ ಷಟರಿನ ಅಂಗಡಿ ಅವಳದು. ಹತ್ತಿ ಬಿಡಿಸಿ, ದಪ್ಪ ಪಟ್ಟೆಪಟ್ಟೆ ಬಟ್ಟೆಯ ಚೀಲಕ್ಕೆ ತುಂಬಿ, ಗೇಣುದ್ದದ ಸೂಜಿಯಿಂದ ಹೊಲಿದು ಗಾದಿ ಮಾಡುವುದು ಅವಳ ಕಸುಬು. ಗಂಡ ಕಲಿಸಿದ್ದು, ಗಂಡ ಹೋದ ಮೇಲೂ ಕೈಬಿಡದೆ ನಡೆಸಿಕೊಂಡು ಬಂದದ್ದು. ಅವಳು ಹೊಲಿದ ಗಾದಿಯಲ್ಲಿ ಹತ್ತಿ ಗಂಟು ಕಟ್ಟಿತು ಎಂದು ದೂರು ಹೊತ್ತು ಬಂದವರಿಲ್ಲ. ಆ ವಿಷಯದಲ್ಲಿ ಗಾದಿಯಮ್ಮನಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಆ ವರ್ಷದ ಚಳಿಯಲ್ಲಿ ಅವಳಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ ವಾರಗಟ್ಟಲೆ ಮಲಗಿದಳು. ಜ್ವರ ಹೋಗುವಾಗ ಕಾಲಿನ ಕಸುವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅದು ಅವಳಿಗೆ ಗೊತ್ತಾದದ್ದು ಅಂಗಡಿಯ ನೆಲದ ಮೇಲೆ. ಗಾದಿ ಹೊಲಿಯುವವರು ನೆಲಕ್ಕೇ ಕೂರಬೇಕು, ಬೇರೆ ದಾರಿಯಿಲ್ಲ. ಹುಷಾರಾಗಿ ಅಂಗಡಿ ತೆಗೆದ ಮೊದಲ ದಿನ ಕೂತಳು, ಹೊಲಿದಳು, ಸಂಜೆ ಏಳಲು ಹೋದರೆ ಏಳಲಾಗಲಿಲ್ಲ. ಒಂದು ಕೈ ಊರಿದಳು. ಎರಡೂ ಕೈ ಊರಿದಳು. ಹೇಗೋ ಮಂಡಿಯ ಮೇಲೆ ಬಂದವಳು ಮಗ್ಗುಲಿಗೆ ಉರುಳಿ ಹತ್ತಿಯ ರಾಶಿಯಲ್ಲಿ ಬಿದ್ದಳು. ಎದುರಿನ ಪೇಪರ್ ಅಂಗಡಿಯವನೂ ದಾರಿಹೋಕರಿಬ್ಬರೂ ಓಡಿ ಬಂದು, ಕಂಕುಳಿಗೆ ಕೈ ಹಾಕಿ, ಮೂಟೆ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು. ಪೆಟ್ಟೇನೂ ಆಗಿರಲಿಲ್ಲ. ಆದರೆ ಮೈಗಂಟಿದ ಹತ್ತಿ ಕೊಡವಿಕೊಳ್ಳುತ್ತ ನಿಂತ ಗಾದಿಯಮ್ಮನಿಗೆ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಮನೆಯವರಿಗೆ ಅಷ್ಟು ಸಾಕಾಯಿತು. ಸೊಸೆ ಆಸ್ಪತ್ರೆಯಲ್ಲಿ ನರ್ಸು, ಅದರಲ್ಲೂ ವಯಸ್ಸಾದವರ ವಾರ್ಡಿನಲ್ಲಿ. ಬಿದ್ದು ಸೊಂಟ ಮುರಿದುಕೊಂಡವರನ್ನು ದಿನಾ ನೋಡುವವಳು. ಆವತ್ತೇ ಮನೆಯಲ್ಲಿ ಕಾನೂನು ಜಾರಿಯಾಯಿತು.

"ಅತ್ತೆ, ಇನ್ನು ಮೇಲೆ ಬಕೆಟ್ ಮುಟ್ಟಬೇಡಿ. ಬಟ್ಟೆ ಚೂಟಿ ಒಣಹಾಕ್ತಾಳೆ. ಪಾತ್ರೆ ನಾನು ಬಂದು ತೊಳೀತೀನಿ."

"ಮತ್ತೆ ನಾನೇನು ಮಾಡಲಿ?"

"ಆರಾಮಾಗಿ ಕೂತ್ಕೊಳ್ಳಿ."

ಚೂಟಿ ಎಂದರೆ ಮೊಮ್ಮಗಳು. ಕಾಲೇಜಿನ ವಾಲಿಬಾಲ್ ತಂಡದಲ್ಲಿ ಆಡುವವಳು, ಬಾಯಿ ಕೈಗಿಂತ ಚುರುಕು. ಮಗ ಅಂಗಡಿಗೆ ಬೀಗ ಹಾಕಿ ಬೀಗದಕೈಯನ್ನು ತನ್ನ ಟೂಲ್ ಬ್ಯಾಗಿನಲ್ಲಿ ಸ್ಪ್ಯಾನರುಗಳ ನಡುವೆ ಹಾಕಿಕೊಂಡ. ಪಕ್ಕದೂರಿನಲ್ಲಿದ್ದ ಹಿರಿ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು.

"ನಮ್ಮ ಮನೆ ನೆಲಮಹಡಿ ಅಮ್ಮ. ಹಿಂದಿನ ರೂಮು ಖಾಲಿ ಬಿದ್ದಿದೆ. ಮಕ್ಕಳ ಪರೀಕ್ಷೆ ಮುಗೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಅಂಗಡಿ?"

"ಇನ್ನೂ ಎಂಥ ಅಂಗಡಿ! ಮೊಬೈಲ್ ರಿಪೇರಿಯವನು ಬಾಡಿಗೆಗೆ ಕೇಳ್ತಿದ್ದಾನಂತೆ, ಕೊಟ್ಟುಬಿಡು."

ಯಾರೂ ಕೆಟ್ಟವರಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುವವರು. ಗಾದಿಯಮ್ಮನಿಗೆ ತಾಪತ್ರಯವಾದದ್ದು ಅದರಿಂದಲೇ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಅವಳು ಅದರಲ್ಲಿ ಎತ್ತಿದ ಕೈ. ತಟ್ಟೆಗೆ ಬಡಿಸಿ ಕೈಗೇ ತಂದುಕೊಡುವವರಿಗೆ ಏನೆಂದು ಬಯ್ಯುವುದು? ಕಿಟಕಿ ಪಕ್ಕ ಕೂತು ಕೂತು ಅವಳ ಕಾಲುಗಳು ಇನ್ನಷ್ಟು ಸೋತವು. ಸ್ನಾನದ ಮನೆಗೆ ಹೋಗುವಾಗ ಗೋಡೆ ಹಿಡಿಯತೊಡಗಿದಳು. ಹಿಡಿದದ್ದನ್ನು ಸೊಸೆ ನೋಡಿದಳು, ಸೊಸೆ ನೋಡಿದ್ದನ್ನು ಅವಳೂ ನೋಡಿದಳು.

ಒಂದು ರಾತ್ರಿ ಊಟಕ್ಕೆ ಕೂತಾಗ ಚೂಟಿ ಹೊಸ ಅರ್ಜಿ ತೆಗೆದಳು.

"ಅಪ್ಪಾ, ನಮ್ಮ ಟೀಮಿನಲ್ಲಿ ಎಲ್ಲರೂ ಜಿಮ್ಮಿಗೆ ಸೇರಿದಾರೆ. ನನಗೆ ಜಿಮ್ ಬೇಡ, ಮನೆಗೇ ಒಂದು ಜೊತೆ ಡಂಬೆಲ್ಸ್ ತಂದುಕೊಡು ಸಾಕು."

"ಯಾಕೆ, ಮನೇಲಿ ಭಾರಕ್ಕೆ ಬರಗಾಲವಾ?" ಮೆಕ್ಯಾನಿಕ್ ತುತ್ತು ಬಾಯಿಗಿಡುತ್ತಲೇ ಹೇಳಿದ. "ನೀರಿನ ಕ್ಯಾನಿದೆ, ಅಕ್ಕಿ ಚೀಲ ಇದೆ, ಮೂರು ಮಹಡಿ ಮೆಟ್ಟಿಲಿದೆ. ಎತ್ತೋರು ಬೇಕು ಅಷ್ಟೆ. ದುಡ್ಡು ಕೊಟ್ಟು ಕಬ್ಬಿಣ ಎತ್ತೋರನ್ನ ಕಂಡರೆ ನನಗೆ ನಗು ಬರುತ್ತೆ."

"ಜನ ದುಡ್ಡು ಕೊಟ್ಟು ಲಿಫ್ಟಲ್ಲಿ ಹೋಗ್ತಾರಲ್ಲ, ಆಗ ನಗು ಬರಲ್ವಾ?"

"ಆಗ ಸಂಬಳ ಬರುತ್ತೆ. ಸುಮ್ಮನೆ ಉಣ್ಣು."

ಸೊಸೆ ನಗುತ್ತ ತನ್ನ ವಾರ್ಡಿನ ಮಾತು ತೆಗೆದಳು. ಅಲ್ಲೊಬ್ಬ ಮೀಸೆ ಅಜ್ಜ ಇದ್ದ. ಕಾಯಿಲೆ ವಾಸಿಯಾಗಿತ್ತು, ಎದ್ದು ನಿಲ್ಲಲು ಮಾತ್ರ ಆಗುತ್ತಿರಲಿಲ್ಲ. "ಇವತ್ತು ವ್ಯಾಯಾಮದ ಮೇಡಂ ಅವರನ್ನ ಕುರ್ಚಿಯಿಂದ ಕೈ ಊರದೆ ಏಳಿ ಅಂದ್ರು. ಅವರು ಬೈದ ಬೈಗುಳ ನೀವು ಕೇಳಬೇಕಿತ್ತು! ಆ ಮೇಡಂ ಬಿಡಬೇಕಲ್ಲ."

ಗಾದಿಯಮ್ಮ ತಟ್ಟೆಯಿಂದ ತಲೆ ಎತ್ತಿದಳು. "ಕೈ ಊರದೆ ಹೇಗೆ ಏಳೋದು?"

"ಪಾದ ಸ್ವಲ್ಪ ಹಿಂದಕ್ಕೆ ಎಳ್ಕೋಬೇಕು ಅತ್ತೆ. ಎದೆ ಮುಂದಕ್ಕೆ ಬಾಗಿಸಬೇಕು. ಹಿಮ್ಮಡಿ ನೆಲಕ್ಕೆ ಒತ್ತಿ ಏಳಬೇಕು. ಕೂರೋವಾಗ ದೊಪ್ಪಂತ ಬೀಳಬಾರದು, ತಡೆದು ತಡೆದು ಕೂರಬೇಕು. ಶಕ್ತಿ ಬರೋದು ಅದರಲ್ಲೇ."

"ಎದ್ದನಾ?"

"ಮೊದಲು ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿದರು. ಆಗ ಎದ್ದರು."

ದಿಂಬು ಎಂಬ ಮಾತು ಗಾದಿಯಮ್ಮನ ಕಿವಿಯಲ್ಲೇ ನಿಂತಿತು. ಈ ಭೂಮಿಯ ಮೇಲೆ ಬೇರೆ ಯಾವುದಕ್ಕೆ ಕೊರತೆಯಾದರೂ ಅವಳ ಮನೆಯಲ್ಲಿ ದಿಂಬಿಗೆ ಕೊರತೆಯಿರಲಿಲ್ಲ.

ಮರುದಿನ ಮೂವರೂ ಮನೆಯಿಂದ ಹೊರಬಿದ್ದ ಮೇಲೆ ಅವಳು ಅಡುಗೆಮನೆಯ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟಳು. ಅದರ ಮೇಲೆ ದಿಂಬಿನ ಮೇಲೆ ದಿಂಬು ಪೇರಿಸಿ ಸಿಂಹಾಸನ ಮಾಡಿ ಕೂತಳು. ಪಾದ ಹಿಂದಕ್ಕೆ, ಎದೆ ಮುಂದಕ್ಕೆ, ಹಿಮ್ಮಡಿಗೆ ಒತ್ತು. ಎದ್ದಳು! ಎದ್ದವಳು ಸುತ್ತ ನೋಡಿದಳು. ಯಾರೂ ಇಲ್ಲದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು. ಕೂರುವಾಗ ತಡೆಯಲಾಗದೆ ದೊಪ್ಪನೆ ಬಿದ್ದಳು. ಮತ್ತೆ ಎದ್ದಳು. ತೊಡೆ ಗಡಗಡ ನಡುಗುವವರೆಗೆ ಎದ್ದು ಕೂತು ಮಾಡಿ, ಕೊನೆಗೆ ದಿಂಬುಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿ ಪಕ್ಕ ಕೂತಳು.

ಮನೆಯವರಿಗೆ ಹೇಳಬಾರದು ಎಂದು ಆಗಲೇ ತೀರ್ಮಾನಿಸಿದ್ದಳು. ಹೇಳಿದರೆ ಬೇಡ ಅನ್ನುತ್ತಾರೆ. ಬೇಡ ಅಂದ ಮೇಲೆ ಮಾಡಿದರೆ ಹಟ ಎನ್ನಿಸಿಕೊಳ್ಳುತ್ತದೆ. ಹೇಳದೆ ಮಾಡಿದರೆ ಅದು ಅವಳ ಪಾಡು.

ಅಂದಿನಿಂದ ರಾತ್ರಿಯ ಊಟದ ರೀತಿಯೇ ಬದಲಾಯಿತು. ಸೊಸೆ ತಟ್ಟೆ ಮುಂದೆ ಕೂರುವುದೇ ತಡ, ಗಾದಿಯಮ್ಮ ಶುರು ಮಾಡುತ್ತಿದ್ದಳು.

"ಇವತ್ತು ಮೀಸೆ ಅಜ್ಜ ಏನು ಮಾಡಿದ?"

"ಗೋಡೆಗೆ ಕೈ ಕೊಟ್ಟು ನಿಂತು, ಮೊಣಕೈ ಬಾಗಿಸಿ ಎದೆ ಗೋಡೆ ಹತ್ತಿರ ತಂದು, ಮತ್ತೆ ತಳ್ಳೋದು. ತೋಳಿಗೆ ಒಳ್ಳೇದು."

"ಊಟಕ್ಕೇನು ಕೊಡ್ತಾರೆ ಅವನಿಗೆ?"

"ಮೊಟ್ಟೆ, ಬೇಳೆ, ಹಾಲು. ಬರೀ ಗಂಜಿ ಕುಡಿದ್ರೆ ಮೈಗೆ ಮಾಂಸ ಎಲ್ಲಿಂದ ಬರಬೇಕು?"

"ಹಾಗಾದರೆ ನನಗೂ ಇನ್ನೊಂದು ಮೊಟ್ಟೆ ಹಾಕು."

ಚೂಟಿ ಕಣ್ಣು ಕಿರಿದು ಮಾಡಿ ನೋಡಿದಳು. "ಅಜ್ಜಿ, ನಿನ್ನೆ ನನ್ನ ಮೊಟ್ಟೆ ತಿಂದವಳು ನೀನೇನಾ?"

"ಮೊಟ್ಟೆ ಮೇಲೆ ನಿನ್ನ ಹೆಸರು ಬರೆದಿತ್ತೇನೇ?"

ಸೊಸೆಗೆ ಒಳಗೊಳಗೇ ಖುಷಿ. ಇಷ್ಟು ವರ್ಷ ಆ ಮನೆಯಲ್ಲಿ ಅವಳ ವಾರ್ಡಿನ ಕತೆ ಕೇಳುವವರೇ ಇರಲಿಲ್ಲ. ಗಂಡನಿಗೆ ಲಿಫ್ಟು, ಮಗಳಿಗೆ ಚೆಂಡು, ಅತ್ತೆಗೆ ಹತ್ತಿ. ಈಗ ಅತ್ತೆ ಒಂದು ಮಾತೂ ಬಿಡದೆ ಕೇಳುತ್ತಾರೆ, ನೆನಪಿಟ್ಟುಕೊಂಡು ಮರುದಿನ ಮುಂದಿನದ್ದನ್ನು ಕೇಳುತ್ತಾರೆ. ಡ್ಯೂಟಿ ಮುಗಿಸಿ ಬರುವಾಗ ಇವತ್ತು ಅತ್ತೆಗೆ ಏನು ಹೇಳಲಿ ಎಂದು ಅವಳು ಬಸ್ಸಿನಲ್ಲೇ ಯೋಚಿಸತೊಡಗಿದಳು.

ವಾರ ಕಳೆದಂತೆ ಕುರ್ಚಿಯ ಮೇಲಿನ ದಿಂಬುಗಳು ಒಂದೊಂದೇ ಇಳಿದವು. ಬರೀ ಮರದ ಮೇಲೆ ಕೂತು ಕೈಕಟ್ಟಿಕೊಂಡು ಎದ್ದ ದಿನ ಗಾದಿಯಮ್ಮ ತನಗೆ ತಾನೇ ಒಂದು ಲೋಟ ಹಾಲು ಬಿಸಿಮಾಡಿ ಕುಡಿದಳು. ಮೆಟ್ಟಿಲನ್ನೂ ಬಿಡಲಿಲ್ಲ. ಮೊದಲು ಒಂದು ತಿರುವಿನವರೆಗೆ ಇಳಿದು ಹತ್ತಿದಳು, ಆಮೇಲೆ ಒಂದು ಮಹಡಿ, ಆಮೇಲೆ ಬೀದಿಯವರೆಗೂ. ಕೆಳಗೆ ಮುಚ್ಚಿದ ಷಟರನ್ನು ಒಮ್ಮೆ ಮುಟ್ಟಿ ಮೇಲೆ ಬರುತ್ತಿದ್ದಳು.

ಹೀಗಿರುವಾಗ ಸೊಸೆ ಒಂದು ದಿನ ಹೇಳಿದಳು, "ಒಂದೇ ಭಾರ ದಿನಾ ಎತ್ತಿದರೆ ಮೈಗೆ ಸೋಮಾರಿತನ ಬರುತ್ತಂತೆ ಅತ್ತೆ. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಬೇಕಂತೆ."

ನೀರಿನ ಕ್ಯಾನು ಜಾಸ್ತಿ ಕಡಿಮೆ ಮಾಡುವ ವಸ್ತುವಲ್ಲ. ಅಕ್ಕಿ ಚೀಲ ದಿನದಿನಕ್ಕೆ ಹಗುರವಾಗುತ್ತ ಹೋಗುವ ವಸ್ತು. ಆದರೆ ತುಂಬುವುದು, ಹೊಲಿಯುವುದು ಗಾದಿಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟ್ರಂಕಿನಲ್ಲಿ ಉಳಿದ ಗಾದಿ ಬಟ್ಟೆಯ ತುಂಡಿತ್ತು. ಪಕ್ಕದಲ್ಲಿ ಮನೆ ಕಟ್ಟುವವರು ಮರಳು ಸುರಿದಿದ್ದರು. ಮೇಸ್ತ್ರಿಯನ್ನು ಕೇಳಿ ಕೈಚೀಲದಲ್ಲಿ ತುಂಬಿಕೊಂಡು ಬಂದಳು.

"ಯಾತಕ್ಕಮ್ಮಾ ಮರಳು?"

"ದಿಂಬು ಮಾಡಕ್ಕೆ."

ಮೇಸ್ತ್ರಿ ನಕ್ಕ, ಅವಳೂ ನಕ್ಕಳು. ಚೀಲ ಹೊಲಿದು, ಎರಡು ಕಡೆ ಹಿಡಿಕೆ ಕೂರಿಸಿ, ಮರಳು ತುಂಬಿ ಬಾಯಿ ಮುಚ್ಚಿದಳು. ಅದನ್ನು ಎದೆಗವಚಿಕೊಂಡು ಕುರ್ಚಿಯಿಂದ ಏಳುವುದು, ನೆಲದಿಂದ ಮಂಚಕ್ಕೆ ಎತ್ತಿಡುವುದು, ಮಂಚದಿಂದ ನೆಲಕ್ಕೆ ಇಳಿಸುವುದು. ಸಲೀಸಾದ ಕೂಡಲೇ ಮೂಲೆಯ ಹೊಲಿಗೆ ಬಿಚ್ಚಿ ಇನ್ನೊಂದು ಬೊಗಸೆ ಮರಳು ಹಾಕುವುದು. ಕೆಲಸ ಮುಗಿದ ಮೇಲೆ ದಿಂಬು ಮಂಚದ ಕೆಳಗೆ ಹೋಗುತ್ತಿತ್ತು.

ಆದರೆ ಕೈ ಯಾವ ಅಭ್ಯಾಸದ್ದು? ಗಾದಿ ಹೊಲಿಗೆಯದ್ದು. ಎರಡು ಹೊಲಿಗೆಯ ನಡುವೆ ಬೆರಳು ತೂರುವಷ್ಟು ಜಾಗ. ಹತ್ತಿಯಾದರೆ ಒಂದಕ್ಕೊಂದು ಹೆಣೆದುಕೊಂಡು ಒಳಗೇ ಇರುತ್ತದೆ. ಮರಳಿಗೆ ಆ ಮರ್ಯಾದೆ ಇಲ್ಲ. ಜೀವಮಾನವೆಲ್ಲ ಹೊಲಿದವಳಿಗೆ ಇಷ್ಟು ಹೊಳೆಯಲಿಲ್ಲ.

ಒಂದು ಗುರುವಾರ ಸೊಸೆ ಡ್ಯೂಟಿಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಾಲಿಗೆಲ್ಲ ಚುರುಚುರು. ಕುರ್ಚಿಯಿಂದ ಮಂಚದವರೆಗೆ ಯಾರೋ ಗೆರೆ ಎಳೆದ ಹಾಗೆ ಮರಳು. ಗೆರೆ ಹಿಡಿದು ಹೋಗಿ ಮಂಚದ ಕೆಳಗೆ ಕೈ ಹಾಕಿ ಎಳೆದಳು.

"ಅತ್ತೆ, ಇದೇನಿದು?"

"ದಿಂಬು."

"ಮರಳಿನ ದಿಂಬಾ?"

"ಹೂಂ."

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳು ಮೆಲ್ಲಗೆ ಬಂದು ಅತ್ತೆಯ ಪಕ್ಕ ಕೂತು, ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು. "ಅತ್ತೆ, ಇವತ್ತು ಯಾವ ವಾರ ಹೇಳಿ? ನಾನು ಯಾರು?"

ಗಾದಿಯಮ್ಮನಿಗೆ ರೇಗಿಹೋಯಿತು. "ನೀನು ನನ್ನ ಸೊಸೆ. ಇವತ್ತು ಗುರುವಾರ. ಒಲೆ ಮೇಲೆ ಬೇಳೆ ಇಟ್ಟು ಹೋದವಳು ನಿನ್ನ ಮಗಳು, ಸೀದ ವಾಸನೆ ನಿನಗೆ ಬಂದಿಲ್ಲ, ನನಗೆ ಬಂದಿದೆ. ನನ್ನ ತಲೆ ನೆಟ್ಟಗಿದೆ ಕಣಮ್ಮಾ. ಕೆಟ್ಟಿದ್ದು ಕಾಲು. ಅದನ್ನ ರಿಪೇರಿ ಮಾಡ್ಕೋತಾ ಇದೀನಿ!"

ಸೊಸೆ ಓಡಿಹೋಗಿ ಒಲೆ ಆರಿಸಿ ಬಂದಳು. ಬರುವಷ್ಟರಲ್ಲಿ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. "ನಾವೆಲ್ಲ ಇಲ್ಲದಾಗ ಇಷ್ಟು ಭಾರ ಎತ್ತುತ್ತಾ ಇದ್ರಾ? ಬಿದ್ದಿದ್ದರೆ?"

ಅಷ್ಟರಲ್ಲಿ ಮಗ ಟೂಲ್ ಬ್ಯಾಗಿನೊಂದಿಗೆ ಬಂದ, ಹಿಂದೆಯೇ ಚೂಟಿ. ಮರಳು ಎಲ್ಲಿಂದ ಬಂತು ಎಂಬುದೂ ಗೊತ್ತಾಯಿತು.

"ಮರಳು ಹೊತ್ಕೊಂಡು ಮೂರು ಮಹಡಿ ಹತ್ತಿದ್ಯಾ?" ಅವನ ದನಿ ಏರಿತು. "ನಿನಗೇನಾದ್ರೂ ಬುದ್ಧಿ ಇದೆಯಾ ಅಮ್ಮ?"

"ನೀನೇ ಅಂದೆಯಲ್ಲೋ, ಮನೇಲಿ ಭಾರಕ್ಕೆ ಬರಗಾಲವಾ, ಎತ್ತೋರು ಬೇಕು ಅಂತ."

"ಅದು ಅವಳಿಗೆ ಹೇಳಿದ್ದು!"

"ಕಿವಿ ಇರೋದು ಅವಳಿಗೊಬ್ಬಳಿಗೇನಾ ಈ ಮನೇಲಿ?"

ಚೂಟಿ ದಿಂಬನ್ನು ಎತ್ತಿ ನೋಡಿ ಹುಬ್ಬೇರಿಸಿದಳು. "ಅಪ್ಪಾ, ಇದು ನೀನು ಕೊಡಿಸದ ಡಂಬೆಲ್ಸಿಗಿಂತ ಚೆನ್ನಾಗಿದೆ."

"ನೀನು ಬಾಯಿ ಮುಚ್ಚು," ಎಂದು ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಅಂದರು. ಮೆಕ್ಯಾನಿಕ್ ಅಲ್ಲೇ ನಿಂತು ಅಕ್ಕನಿಗೆ ಫೋನು ಹಚ್ಚಿದ. ಪರೀಕ್ಷೆ ಗಿರೀಕ್ಷೆ ಕಾಯುವುದು ಬೇಡ, ಈ ಭಾನುವಾರವೇ ಬಂದುಬಿಡು ಎಂದ. ಗಾದಿಯಮ್ಮ ಆ ರಾತ್ರಿ ಊಟಕ್ಕೆ ಏಳಲಿಲ್ಲ. ಕಸುವು ಕೂಡಿಸಿಕೊಂಡದ್ದೇ ತಪ್ಪಾಯಿತಲ್ಲ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಸೊಸೆಗೆ ಮಧ್ಯಾಹ್ನದ ಡ್ಯೂಟಿ. ಬೆಳಿಗ್ಗೆ ಇಬ್ಬರೇ ಉಳಿದರು. ಸೊಸೆ ಮುಖ ಊದಿಸಿಕೊಂಡು ಮರಳು ಗುಡಿಸಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಕೊನೆಗೆ ತಡೆಯಲಾಗದೆ ಪೊರಕೆ ಗೋಡೆಗೆ ಒರಗಿಸಿದಳು.

"ಊಟದ ಹೊತ್ತಿಗೆ ನನ್ನ ಮಾತು ಕೇಳ್ತಾ ಇದ್ದದ್ದು ಇದಕ್ಕಾ ಅತ್ತೆ? ನಾನು ಏನೋ ಅಂದ್ಕೊಂಡಿದ್ದೆ. ನನ್ನ ಕೆಲಸ ಅಂದ್ರೆ ನಿಮಗೆ..." ಎಂದವಳು ಮಂಚದ ಅಂಚಿಗೆ ಕೂತಳು.

ಗಾದಿಯಮ್ಮ ಈ ಕಡೆಯಿಂದ ಏಟು ಬರುತ್ತದೆಂದು ಎಣಿಸಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮೊದಮೊದಲು ಇದಕ್ಕೇ. ಆಮೇಲೆ ಹಾಗಲ್ಲ. ನೀನು ಬರೋದು ತಡ ಆದರೆ ಇವತ್ತು ಮೀಸೆ ಅಜ್ಜ ಏನಾದನೋ ಅಂತ ಬಾಗಿಲು ನೋಡ್ತಾ ಕೂತಿರ್ತಿದ್ದೆ. ನನ್ನ ಅಂಗಡಿ ಬಿಟ್ಟು ಬೇರೆಯವರ ಕೆಲಸದ ಸುದ್ದಿ ನಾನು ಯಾವತ್ತೂ ಅಷ್ಟು ಆಸೆಯಿಂದ ಕೇಳಿದವಳಲ್ಲ." ಆಮೇಲೆ ಕೇಳಿದಳು, "ಏನಾದ ಅವನು?"

"ಮನೆಗೆ ಹೋದರು. ನಡ್ಕೊಂಡೇ ಹೋದರು."

"ನೋಡಿದ್ಯಾ? ಅವನಿಗೆ ಏಳು ಅಂತೀಯ, ನನಗೆ ಕೂರು ಅಂತೀಯ. ನಾನೂ ನಿನ್ನ ವಾರ್ಡಿಗೆ ಸೇರಿಕೊಳ್ಳಲಾ?"

ಸೊಸೆಯ ಕಣ್ಣು ತುಂಬಿತು. "ಅಲ್ಲಿ ಬಿದ್ದರೆ ಹಿಡಿಯೋಕೆ ಸುತ್ತ ಜನ ಇರ್ತಾರೆ. ಇಲ್ಲಿ ನೀವು ಬಿದ್ದರೆ ನಾನು ಡ್ಯೂಟಿಯಲ್ಲಿರ್ತೀನಿ. ಊರಿನವರನ್ನೆಲ್ಲ ನೋಡ್ಕೊಂಡು ಮನೆಯವರನ್ನ ಬಿಟ್ಟಳು ಅನ್ನಿಸಿಕೊಳ್ಳಬೇಕಾಗುತ್ತೆ. ಅದು ಬಿಡಿ, ಅಂದರೆ ಅನ್ನಲಿ. ನನಗೇ ತಡ್ಕೊಳ್ಳೋಕಾಗಲ್ಲ."

ಇಷ್ಟು ವರ್ಷದಲ್ಲಿ ಸೊಸೆ ತನಗೋಸ್ಕರ ಅತ್ತದ್ದನ್ನು ಗಾದಿಯಮ್ಮ ನೋಡಿರಲಿಲ್ಲ. ಅವಳಿಗೆ ಸೊಸೆಯ ಮೇಲೆ ಪ್ರೀತಿ ಉಕ್ಕಿ ಬಂತು, ಅದನ್ನು ಹೇಳುವುದು ಹೇಗೆಂದು ತಿಳಿಯದೆ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

ಸೊಸೆ ಮೂಗೆಳೆದುಕೊಂಡು ಎದ್ದು, ಕುರ್ಚಿಯನ್ನು ದರದರ ಎಳೆದು ನಡುಮನೆಯಲ್ಲಿ ಇಟ್ಟಳು. "ಕೂತ್ಕೊಳ್ಳಿ. ಈಗ ಏಳಿ, ನೋಡೋಣ."

ಗಾದಿಯಮ್ಮ ಎದ್ದಳು.

"ಇನ್ನೊಂದು ಸಲ. ಮೊಣಕಾಲು ಒಳಗೆ ವಾಲ್ತಾ ಇದೆ, ಹೊರಗಿಡಿ. ಉಸಿರು ಬಿಗಿ ಹಿಡೀಬೇಡಿ, ಏಳೋವಾಗ ಬಿಡಿ. ಹಾಂ, ಹಾಗೆ. ಭಾರ ಎತ್ತೋವಾಗ ಸೊಂಟದಿಂದ ಬಗ್ಗಬೇಡಿ, ಮಂಡಿ ಬಾಗಿಸಿ. ಚೀಲ ಮೈಗೆ ಹತ್ತಿರ ಇರಲಿ." ಸ್ವಲ್ಪ ಹೊತ್ತಿಗೆ ಅವಳು ಅಳುತ್ತಿದ್ದದ್ದೇ ಮರೆತುಹೋಗಿತ್ತು. "ಎಷ್ಟು ಚೆನ್ನಾಗಿ ಏಳ್ತೀರಲ್ಲ ಅತ್ತೆ! ಎಷ್ಟು ದಿನದಿಂದ ಮಾಡ್ತಿದೀರಿ?"

"ನೀನು ಹೇಳಿಕೊಟ್ಟಾಗಿನಿಂದ."

"ಈ ಹೊಲಿಗೆ ಮಾತ್ರ ಒತ್ತಾಗಿ ಹಾಕಿ. ಮನೆ ಗುಡಿಸೋಳು ನಾನು."

ಭಾನುವಾರ ಹಿರಿ ಮಗಳು ಬಾಡಿಗೆ ಕಾರು ಮಾಡಿಕೊಂಡು ಬಂದಳು. ಸ್ಕೂಲೊಂದರ ಆಫೀಸಿನಲ್ಲಿ ಗುಮಾಸ್ತೆ, ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಮೂರನೇ ಮಹಡಿ ಹತ್ತಿ ಬಂದವಳಿಗೆ ಸೋಫಾದಲ್ಲಿ ಕುಸಿದು ನೀರು ಕುಡಿಯುವವರೆಗೆ ಮಾತೇ ಹೊರಡಲಿಲ್ಲ. ಆಮೇಲೆ ಹೊರಟದ್ದು ನಿಲ್ಲಲಿಲ್ಲ. ಊಟ ಮುಗಿಯುವಷ್ಟರಲ್ಲಿ ಅಮ್ಮನ ಬಟ್ಟೆಯೆಲ್ಲ ಸೂಟ್‌ಕೇಸು ಸೇರಿತ್ತು.

"ಅತ್ತಿಗೆ, ಅತ್ತೆ ಇಲ್ಲೇ ಇರಲಿ," ಸೊಸೆ ಹೇಳಿದಳು. "ನಾನು ನೋಡಿದೀನಿ. ಅವರ ಕಾಲು ಈಗ ಗಟ್ಟಿಯಾಗಿದೆ."

"ನೀನು ಡ್ಯೂಟಿಗೆ ಹೋಗ್ತೀಯ, ಇವನು ಲಿಫ್ಟಿನ ಗುಂಡಿಗೆ ಇಳೀತಾನೆ. ಅಮ್ಮ ಇಲ್ಲಿ ಮರಳಾಟ ಆಡ್ಕೊಂಡಿರಬೇಕಾ? ಏನೋ ತಮ್ಮ, ನೀನೇ ಫೋನು ಮಾಡಿದ್ದು, ಈಗ ಗೋಡೆ ನೋಡ್ತೀಯಲ್ಲ?"

ತಮ್ಮ ಹೆಂಡತಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಮತ್ತೆ ಗೋಡೆಯನ್ನೇ ನೋಡಿದ.

ಗಾದಿಯಮ್ಮ ಎದ್ದಳು. ಮಂಚದ ಕೆಳಗಿನಿಂದ ಮರಳಿನ ದಿಂಬನ್ನು ಎಳೆದು ತಂದು, ಎಲ್ಲರೂ ನೋಡುತ್ತಿದ್ದಂತೆ ಸೂಟ್‌ಕೇಸಿನೊಳಗೆ ಸೀರೆಗಳ ಮೇಲೆ ಇಟ್ಟು ಮುಚ್ಚಿದಳು.

"ಅದ್ಯಾಕಮ್ಮಾ?"

"ನನ್ನ ದಿಂಬು. ಇದಿಲ್ಲದೆ ನಾನು ಎಲ್ಲಿಗೂ ಬರಲ್ಲ."

ಮಗಳು ಸೂಟ್‌ಕೇಸಿನ ಹಿಡಿಕೆಗೆ ಕೈ ಹಾಕಿ ಎತ್ತಿ, "ಅಯ್ಯಪ್ಪಾ" ಎಂದು ಅಲ್ಲೇ ಬಿಟ್ಟಳು. ಮಗ ಮುಂದೆ ಬಂದ. ಗಾದಿಯಮ್ಮ ಅವನ ಕೈ ಸರಿಸಿದಳು. ಮಂಡಿ ಬಾಗಿಸಿ, ಹಿಡಿಕೆ ಹಿಡಿದು, ಉಸಿರು ಬಿಡುತ್ತ ಎದ್ದಳು. "ನನ್ನ ಗಂಟು ನಾನೇ ಹೊರ್ತೀನಿ. ನಡೀರಿ."

ಅವಳು ಮುಂದೆ, ಸೊಸೆ ಪಕ್ಕದಲ್ಲೇ, ಮಿಕ್ಕವರು ಹಿಂದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೂಟ್‌ಕೇಸು. ತಿರುವಿನಲ್ಲಿ ಕೈ ಬದಲಾಯಿಸುತ್ತ, ಪ್ರತಿ ಮೆಟ್ಟಿಲ ಮೇಲೂ ಪಾದ ಪೂರ್ತಿ ಊರುತ್ತ, ಬೀದಿಗೆ ಇಳಿದಳು. ಪೇಪರ್ ಅಂಗಡಿಯವನು ಎದ್ದು ನಿಂತ. ಮೆಕ್ಯಾನಿಕ್ ಕಾರಿನ ಡಿಕ್ಕಿ ತೆಗೆದ. ಗಾದಿಯಮ್ಮ ತನ್ನ ಅಂಗಡಿಯ ಮುಚ್ಚಿದ ಷಟರನ್ನು ನೋಡಿದಳು. ಅದರ ಮೇಲೆ ದಪ್ಪಗೆ ಧೂಳು ಕೂತಿತ್ತು. ಅವಳು ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ತಿರುಗಿ ಮತ್ತೆ ಮೆಟ್ಟಿಲ ಕಡೆ ನಡೆದಳು.

"ಅಮ್ಮಾ! ಏನಾದ್ರೂ ಮರೆತ್ಯಾ?"

"ಇಳಿಯೋದು ಯಾರು ಬೇಕಾದ್ರೂ ಇಳೀತಾರೆ ಕಣೇ. ಹತ್ತೋದನ್ನ ನೀನು ನೋಡಬೇಕಲ್ಲ."

ಮೊದಲ ಮಹಡಿ ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಬೆನ್ನು ಒದ್ದೆಯಾಯಿತು. ಎರಡನೇ ಮಹಡಿ ದಾಟಿದ ತಿರುವಿನಲ್ಲಿ ಕಾಲು ಸೋತಿತು, ಅಂಗಡಿಯ ನೆಲದ ಮೇಲೆ ಸೋತ ಹಾಗೆಯೇ. ಇಲ್ಲಿ ಕೂತರೆ ಕಾರು ಕಾದಿದೆ. ಇಲ್ಲಿ ಕೂತರೆ ಷಟರಿನ ಮೇಲೆ ಬೇರೆಯವರ ಬೋರ್ಡು. ಹಿಂದಿನಿಂದ ಮಗ ಧಾವಿಸಿ ಬರುವ ಸದ್ದು ಕೇಳಿತು. ಸೊಸೆ ಅವನ ತೋಳು ಹಿಡಿದು ನಿಲ್ಲಿಸಿದಳು.

"ಮುಟ್ಟಬೇಡಿ ರೀ. ಅವರಿಗೆ ಆಗುತ್ತೆ." ಆಮೇಲೆ ವಾರ್ಡಿಗೆಲ್ಲ ಕೇಳಿಸುವ ದನಿಯಲ್ಲಿ ಕೂಗಿದಳು, "ಅತ್ತೆ, ಉಸಿರು ಬಿಡಿ! ಹಿಮ್ಮಡಿ ಒತ್ತಿ!"

ಗಾದಿಯಮ್ಮ ಉಸಿರು ಬಿಟ್ಟಳು. ಹಿಮ್ಮಡಿ ಒತ್ತಿದಳು. ಒಂದು ಮೆಟ್ಟಿಲು ಬಂತು, ಅದರ ಹಿಂದೆ ಇನ್ನೊಂದು ಬಂತು, ಕೊನೆಗೆ ಮನೆಯ ಬಾಗಿಲೇ ಬಂತು. ಸೂಟ್‌ಕೇಸನ್ನು ದೊಪ್ಪನೆ ಬಿಡಲಿಲ್ಲ. ಮಂಡಿ ಬಾಗಿಸಿ, ತಡೆದು ತಡೆದು, ಸದ್ದಿಲ್ಲದೆ ನೆಲಕ್ಕೆ ಇಳಿಸಿದಳು. ಅವಳ ಮುಖ ಕೆಂಪಗಾಗಿತ್ತು, ಬೆವರು ಇಳಿಯುತ್ತಿತ್ತು, ಅಷ್ಟು ಸಂತೋಷ ಅವಳಿಗೆ ವರ್ಷಗಳಿಂದ ಆಗಿರಲಿಲ್ಲ.

ಹಿರಿ ಮಗಳು ಕೆಳಗಿನ ತಿರುವಿನಲ್ಲಿ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. "ಅಮ್ಮಾ, ನಿಲ್ಲು... ನನಗೆ ಹತ್ತೋಕಾಗ್ತಿಲ್ಲ."

ಗಾದಿಯಮ್ಮ ಇಳಿದು ಹೋಗಿ ಮಗಳ ಹೆಗಲಿನ ಬ್ಯಾಗು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು, ಕೈ ಕೊಟ್ಟು ಎಬ್ಬಿಸಿದಳು. ಮಗಳಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು, ಕೊನೆಗೆ ಎರಡೂ ಕೂಡಿಕೊಂಡವು. "ನಿನಗೆ ಏನಾದ್ರೂ ಆದರೆ ಅಂತ ನನಗೆ ಹೆದರಿಕೆ ಕಣಮ್ಮ."

"ನನಗೂ ಇತ್ತು. ಅದಕ್ಕೇ ಇಷ್ಟೆಲ್ಲ ಮಾಡಿದ್ದು."

"ಅತ್ತೆ," ಎಂದಳು ಚೂಟಿ ಅಪ್ಪನ ಅಕ್ಕನಿಗೆ, "ನೀವೂ ಒಂದು ಮರಳಿನ ದಿಂಬು ಹೊಲಿಸ್ಕೊಳ್ಳಿ. ಅಜ್ಜಿ ಹತ್ರ ಆರ್ಡರ್ ಕೊಡಿ."

"ಅಂಗಡಿ ಮುಚ್ಚಿದೆಯಲ್ಲೇ," ಎಂದು ಗಾದಿಯಮ್ಮ ಮಗನ ಕಡೆ ನೋಡಿದಳು.

ಮೆಕ್ಯಾನಿಕ್ ಒಳಗೆ ಹೋಗಿ ಟೂಲ್ ಬ್ಯಾಗು ತಂದ. ಸ್ಪ್ಯಾನರುಗಳನ್ನೆಲ್ಲ ಹೊರಗೆ ಸುರಿದು, ತಳದಲ್ಲಿದ್ದ ಬೀಗದಕೈಯನ್ನು ತೆಗೆದು ಅಂಗಿಗೆ ಒರೆಸಿ ತಾಯಿಯ ಕೈಗಿಟ್ಟ. ಬಾಡಿಗೆ ಕಾರು ಸಂಜೆ ಹಿರಿ ಮಗಳೊಬ್ಬಳನ್ನೇ ಹೊತ್ತು ಹೋಯಿತು. ಮೊಬೈಲ್ ರಿಪೇರಿಯವನು ಬೇರೆ ಬೀದಿಯಲ್ಲಿ ಅಂಗಡಿ ಹುಡುಕಿಕೊಂಡ.

ಷಟರು ಎತ್ತಿದ ದಿನ ಗಾದಿಯಮ್ಮ ಅಂಗಡಿ ಗುಡಿಸಿ, ಹತ್ತಿ ಬಿಡಿಸಿ, ನೆಲಕ್ಕೆ ಕೂತು ಹೊಲಿಯುವುದಕ್ಕೆ ಶುರು ಮಾಡಿದಳು. ಸೂಜಿ ಕೈ ಮರೆತಿರಲಿಲ್ಲ. ಸಂಜೆ ಬೀದಿಯ ದೀಪ ಹತ್ತುವ ಹೊತ್ತಿಗೆ ಸೊಸೆ ಬಸ್ಸಿಳಿದು ಬಂದು ಷಟರಿನ ಕೆಳಗೆ ನಿಂತಳು.

"ಮುಗೀತಾ ಅತ್ತೆ? ಮನೆಗೆ ಹೋಗೋಣ್ವಾ?"

"ಮುಗೀತು."

ಗಾದಿಯಮ್ಮ ದಾರ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಸೊಸೆಯ ಕೈ ರೂಢಿಯಂತೆ ತಾನಾಗಿ ಮುಂದೆ ಬಂತು. ಬಂದದ್ದನ್ನು ಅವಳೇ ನೋಡಿಕೊಂಡು, ನಕ್ಕು, ಕೈಯನ್ನು ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡು ಕಾದಳು. ಎದುರಿನ ಪೇಪರ್ ಅಂಗಡಿಯವನೂ ನೋಡುತ್ತಿದ್ದ.

ಗಾದಿಯಮ್ಮ ಒಂದು ಮಂಡಿ ಊರಿದಳು, ಇನ್ನೊಂದು ಪಾದ ಊರಿದಳು, ಉಸಿರು ಬಿಟ್ಟು ಎದ್ದು ನಿಂತಳು. ಸೀರೆಗಂಟಿದ ಹತ್ತಿಯನ್ನು ಕೊಡವಿಕೊಂಡು, "ಇವತ್ತು ವಾರ್ಡಿನಲ್ಲಿ ಏನಾಯಿತು ಹೇಳು," ಎಂದಳು.